ಮಾವನ ಅಡ್ವಾನ್ಸು ಟ್ಯಾಕ್ಸು

ಜುಲೈ ತಿಂಗಳಲ್ಲಿ ನೆಂಟರೊಬ್ಬರು ಫೋನ್ ಮಾಡಿ, ಹಿಂದೆಮುಂದೆ ಏನೂ ಇಲ್ಲದೆ "ನಿನ್ನ ಆರೋಗ್ಯ ಹೇಗಿದೆಯಮ್ಮಾ?" ಎಂದು ಕೇಳಿದರೆ ಹುಷಾರಾಗಿಬಿಡಿ. ಮಿಕ್ಕ ಹನ್ನೊಂದು ತಿಂಗಳು ನಿಮ್ಮ ಆರೋಗ್ಯ ಕಟ್ಟಿಕೊಂಡು ಅವರಿಗೆ ಏನೂ ಆಗಬೇಕಾಗಿರುವುದಿಲ್ಲ. ಜುಲೈ 31 ಹತ್ತಿರ ಬಂತು, ಆದಾಯ ತೆರಿಗೆ ರಿಟರ್ನ್ ಹಾಕಬೇಕು, ಇಡೀ ಮನೆತನದಲ್ಲಿ ಲ್ಯಾಪ್‌ಟಾಪ್ ತೆರೆದರೆ ಬೆವರದ ಜೀವ ನೀವೊಬ್ಬರೇ. ಆರೋಗ್ಯದ ವಿಚಾರಣೆ ಅದಕ್ಕೆ.

ಈ ಹುದ್ದೆಗೆ ಯಾರೂ ಅರ್ಜಿ ಹಾಕುವುದಿಲ್ಲ, ಅದು ತಾನಾಗಿ ಬಂದು ಕೂರುತ್ತದೆ. ಮೊದಲು ಗ್ಯಾಸ್ ಬುಕ್ ಮಾಡಿಕೊಡುತ್ತೀರಿ. ಆಮೇಲೆ ರೈಲು ಟಿಕೆಟ್, ತಿರುಪತಿ ದರ್ಶನದ ಟೋಕನ್, ಜಮೀನಿನ ಪಹಣಿ. ಒಂದೊಂದು ಮೆಟ್ಟಿಲು ಹತ್ತುತ್ತಾ ಹೋಗಿ ಕೊನೆಗೊಂದು ದಿನ "ಆ ಐಟಿ ರಿಟರ್ನೂ ನೀನೇ ಹಾಕ್ಬಿಡೇ, ಐದು ನಿಮಿಷದ ಕೆಲಸ" ಎಂಬ ಮಾತು ಕೇಳಿಸುತ್ತದೆ. ಅಲ್ಲಿಗೆ ನಿಮ್ಮ ಬಡ್ತಿ ಮುಗಿಯಿತು. ಅದಕ್ಕಿಂತ ಮೇಲಿನ ಹುದ್ದೆ ನೆಂಟಸ್ತಿಕೆಯಲ್ಲಿ ಇಲ್ಲ. ಸಂಬಳವಂತೂ ಮೊದಲಿನಿಂದಲೂ ಇಲ್ಲ, ಕೋಡುಬಳೆ ಸಿಕ್ಕರೆ ಸಿಕ್ಕಿತು.

ನನ್ನ ಪಾಲಿಗೆ ಬಂದವರು ತುಮಕೂರಿನ ಸೋದರಮಾವ. ದಾಖಲೆಯ ಪ್ರಕಾರ ಐವತ್ತೆಂಟು. ಐವತ್ತೈದಕ್ಕೇ ಕೆಲಸ ಬಿಟ್ಟು, ಬಂದ ದುಡ್ಡನ್ನೆಲ್ಲ ಎಫ್‌ಡಿಯಲ್ಲಿ ಹಾಕಿ, ಹಿರಿಯರಿಂದ ಬಂದ ಮೂರು ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಬಿಟ್ಟು, ದಿನಪತ್ರಿಕೆಯನ್ನು ತಲೆಬರಹದಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಓದುತ್ತಾ ಸುಖವಾಗಿದ್ದಾರೆ. ತೆರಿಗೆಯ ಬಗ್ಗೆ ಅವರ ಸಿದ್ಧಾಂತ ಒಂದೇ ವಾಕ್ಯದ್ದು: "ಬ್ಯಾಂಕಿನೋರು ಕಟ್ ಮಾಡ್ಕೊಂಡಿದಾರಲ್ಲೇ ಪುಟ್ಟಿ, ಇನ್ನೇನಿದೆ?"

ಇನ್ನೇನಿದೆ ಎಂದು ತಿಳಿಯಬೇಕಾದರೆ ಮೊದಲು ಮಾವನಿಗೆ ಎಷ್ಟು ಬರುತ್ತದೆ ಎಂದು ತಿಳಿಯಬೇಕು. ತೊಡಕು ಇರುವುದೇ ಇಲ್ಲಿ. ನಮ್ಮ ಜನ ಯಾವ ಗುಟ್ಟನ್ನು ಬೇಕಾದರೂ ಬಿಟ್ಟುಕೊಡುತ್ತಾರೆ, ಆದಾಯವೊಂದನ್ನು ಬಿಟ್ಟು. ಮಾವ ತಮ್ಮ ಸಕ್ಕರೆಯ ಅಂಕಿಯನ್ನು, ಅದೂ ತಿಂಡಿಗೆ ಮುಂಚಿನದು ಒಂದು, ತಿಂದ ಮೇಲಿನದು ಒಂದು, ಬೆಂಗಳೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನಿಗೂ ಹೇಳಿಬಿಡುತ್ತಾರೆ. ಬಡ್ಡಿ ಎಷ್ಟು ಬಂತು ಮಾವ ಎಂದರೆ ಮಾತ್ರ ಸ್ವರ ತಗ್ಗುತ್ತದೆ, ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಗುತ್ತದೆ. "ಏನೋ ಅಷ್ಟೋ ಇಷ್ಟೋ ಬರುತ್ತೆ ಬಿಡು, ಔಷಧಿಗೆ ಸಾಲುತ್ತೆ."

ಪಾಪ, ಮಾವನಿಗೆ ಗೊತ್ತಿಲ್ಲ, ಅವರು ಯಾರಿಂದ ಮುಚ್ಚಿಡುತ್ತಿದ್ದಾರೋ ಆ ಇಲಾಖೆಗೆ ಎಲ್ಲ ಗೊತ್ತಾಗಿ ವರ್ಷಗಳೇ ಆದವು. 2021ರ ನವೆಂಬರಿನಿಂದ ಇಲಾಖೆ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪತ್ರವನ್ನು ಜಾಲತಾಣದಲ್ಲಿ ಇಡುತ್ತಿದೆ. ಲಾಗಿನ್ ಆಗಿ ತೆರೆದರೆ ಸಾಕು: ಯಾವ ಬ್ಯಾಂಕಿನಿಂದ ಎಷ್ಟು ಬಡ್ಡಿ, ಯಾವ ಕಂಪನಿಯಿಂದ ಎಷ್ಟು ಡಿವಿಡೆಂಡ್, ಯಾವ ಮ್ಯೂಚುವಲ್ ಫಂಡ್ ಮಾರಿದ್ದು, ಎಲ್ಲ ಸಾಲಾಗಿ ನಿಂತಿರುತ್ತವೆ. ನಮ್ಮ ಬೀದಿಯ ಕೊನೆಮನೆಯ ಅಜ್ಜಿಗೂ ಇಷ್ಟು ಕರಾರುವಾಕ್ಕಾಗಿ ಊರಿನ ಸುದ್ದಿ ಗೊತ್ತಿರಲಿಲ್ಲ. ಮಾವನ ಎಐಎಸ್ ತೆರೆದಾಗ ಅತ್ತೆಗೆ ಗೊತ್ತಿಲ್ಲದ ಒಂದು ಎಫ್‌ಡಿ ಹೊರಬಿತ್ತು. ಮಾವ "ಶ್‌" ಎಂದರು. ನೆಂಟರ ರಿಟರ್ನ್ ಹಾಕುವವರಿಗೆ ವೈದ್ಯರ ಹಾಗೆ, ವಕೀಲರ ಹಾಗೆ ಒಂದು ಪ್ರಮಾಣವಚನ ಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ.

ಈಗ ಲೆಕ್ಕಕ್ಕೆ ಬನ್ನಿ. ಮಳಿಗೆಗಳಿಂದ, ಪಾಲಿಕೆಗೆ ಕಟ್ಟಿದ ಕಂದಾಯ ಕಳೆದು, ಮಿಕ್ಕಿದ್ದರಲ್ಲಿ ಕಾನೂನು ಕೊಡುವ ಶೇಕಡ 30ರ ರಿಯಾಯಿತಿಯನ್ನೂ ಕಳೆದು, 10 ಲಕ್ಷ ಎಂದಿಟ್ಟುಕೊಳ್ಳಿ. ಎಫ್‌ಡಿ ಬಡ್ಡಿ 6 ಲಕ್ಷ. ಔಷಧಿಗೆ ಸಾಲುತ್ತೆ ಅಂದಿದ್ದರಲ್ಲ, ಆ ಮೊತ್ತ ಇದು. ಒಟ್ಟು 16 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ ಒಂದೊಂದು 4 ಲಕ್ಷಕ್ಕೆ 5, 10, 15 ಪರ್ಸೆಂಟ್. ಕೂಡಿದರೆ 1,20,000. ಮೇಲೆ ಶೇಕಡ 4ರ ಸೆಸ್ 4,800. ಮಾವ ಆ ವರ್ಷಕ್ಕೆ ಕೊಡಬೇಕಾದ ತೆರಿಗೆ 1,24,800 ರೂಪಾಯಿ.

ಬ್ಯಾಂಕಿನವರು ಹಿಡಿದಿದ್ದೆಷ್ಟು? ತಾವು ಕೊಟ್ಟ ಬಡ್ಡಿಯ ಮೇಲೆ ಹತ್ತು ಪರ್ಸೆಂಟ್, ಅಂದರೆ 60,000. ಬ್ಯಾಂಕಿಗೆ ಮಳಿಗೆಯ ವಿಷಯ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬಾಡಿಗೆದಾರರಾದರೂ ಹಿಡಿದರೇ ಎಂದರೆ, ಒಬ್ಬೊಬ್ಬರ ಬಾಡಿಗೆ ತಿಂಗಳಿಗೆ 40,000. 50,000 ದಾಟದ ಬಾಡಿಗೆಗೆ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಹಿಡಿಯುವ ಕಟ್ಟುಪಾಡು ಅವರಿಗಿಲ್ಲ. ಹಾಗಾಗಿ 64,800 ರೂಪಾಯಿ ಯಾರ ಕೈಗೂ ಸಿಗದೆ ಮಾವನ ಜೇಬಿನಲ್ಲೇ ಉಳಿಯಿತು.

"ಉಳೀಲಿ ಬಿಡು, ಜುಲೈನಲ್ಲಿ ಕಟ್ಟಿದ್ರಾಯ್ತು" ಎಂದರು ಮಾವ, ಉದಾರವಾಗಿ.

ಹಾಗೆ ಉಳಿಯಲು ಸರ್ಕಾರ ಬಿಡುವುದಿಲ್ಲ. ಟಿಡಿಎಸ್ ಕಳೆದ ಮೇಲೂ ವರ್ಷಕ್ಕೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಬಾಕಿ ನಿಲ್ಲುವುದಾದರೆ, ವರ್ಷ ಮುಗಿಯುವ ತನಕ ಕಾಯದೆ ದುಡಿಯುತ್ತ ದುಡಿಯುತ್ತಲೇ ಕಟ್ಟಿ ಎನ್ನುತ್ತದೆ. ಜೂನ್ 15ಕ್ಕೆ ಶೇಕಡ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ಅಡ್ವಾನ್ಸ್ ಟ್ಯಾಕ್ಸ್ ಅಂದರೆ ಇಷ್ಟೇ. ಇದು ಇನ್ನೊಂದು ತೆರಿಗೆಯಲ್ಲ. ಜುಲೈನಲ್ಲಿ ಕೊಡಬೇಕಾದ ಅದೇ ಹಣ, ನಾಲ್ಕು ತುಂಡಾಗಿ ಮುಂಚಿತವಾಗಿ ಹೋಗುತ್ತದೆ. ಸಂಬಳದವರಿಗೆ ಇದು ಗೊತ್ತಾಗುವುದೇ ಇಲ್ಲ, ತಿಂಗಳು ತಿಂಗಳು ಸಂಬಳದಲ್ಲೇ ಮುರಿದಿರುತ್ತಾರೆ. ಮಾವನ ಹಾಗೆ ತಮಗೆ ತಾವೇ ಯಜಮಾನರಾದವರು ತಾವೇ ಮುರಿದು ತಾವೇ ಕಟ್ಟಬೇಕು. ಯಜಮಾನಿಕೆ ಎಂದರೆ ಬರೀ ಆರಾಮಕುರ್ಚಿಯಲ್ಲವಲ್ಲ.

"ಇದೆಲ್ಲ ಈಗಿನೋರು ತಂದಿದ್ದು. ನಮ್ಮ ಕಾಲದಲ್ಲಿ ಇರಲಿಲ್ಲ" ಎಂದರು ಮಾವ.

ನಮ್ಮ ಕಾಲ ಎಂದರೆ ಯಾವುದು ಎಂದು ವಿಚಾರಿಸುವುದು ಒಳ್ಳೆಯದಲ್ಲ. ಆದರೂ ಹೇಳಬೇಕು: ಈ ಮುಂಗಡದ ಏರ್ಪಾಡು ಭಾರತಕ್ಕೆ ಬಂದದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ, 1944ರಲ್ಲಿ. ಆಗ ಮಾವನಿರಲಿ, ಮಾವನ ಜಾತಕವೂ ಇರಲಿಲ್ಲ. ಆದಾಯ ತೆರಿಗೆಯಂತೂ ಇನ್ನೂ ಹಳೆಯದು. 1857ರ ದಂಗೆಯ ಖರ್ಚಿನಿಂದ ಖಜಾನೆ ಸೊರಗಿದಾಗ ಜೇಮ್ಸ್ ವಿಲ್ಸನ್ ಎಂಬ ಸ್ಕಾಟಿಷ್ ಮಹಾಶಯ ಬಂದು 1860ರಲ್ಲಿ ಅದನ್ನು ಜಾರಿಗೆ ತಂದ. ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಆಮಶಂಕೆಯಾಗಿ ತೀರಿಕೊಂಡ.

"ನೋಡು ಮತ್ತೆ!" ಎಂದರು ಮಾವ, ನ್ಯಾಯ ಸಿಕ್ಕಿದವರ ಹಾಗೆ.

ಅಮೆರಿಕದಲ್ಲಿ ಇದೆಲ್ಲ ಇಲ್ಲವಂತೆ ಎಂಬ ಇನ್ನೊಂದು ಬಾಣ ಅವರ ಬತ್ತಳಿಕೆಯಲ್ಲಿತ್ತು. ನ್ಯೂಜೆರ್ಸಿಯಲ್ಲಿರುವ ಅವರ ಮಗಳನ್ನೇ ಕೇಳಿದೆವು. ಅಲ್ಲೂ ಸಂಬಳದ ಹೊರಗಿನ ಆದಾಯಕ್ಕೆ ಅಂದಾಜು ತೆರಿಗೆಯನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್, ಮತ್ತೆ ಮುಂದಿನ ಜನವರಿ, ಹೀಗೆ ನಾಲ್ಕು ಸಲ 15ನೇ ತಾರೀಖಿಗೆ ಕಟ್ಟಬೇಕು ಎಂದಳು. ಮಾವ ವಾಟ್ಸಾಪ್ ಕರೆಯನ್ನು ಕಟ್ ಮಾಡಿ "ಆ ಕಡೆ ಸಿಗ್ನಲ್ ಸರಿಯಿಲ್ಲ" ಎಂದರು.

ಇಷ್ಟರಲ್ಲಿ ಅವರಿಗೊಂದು ನೆನಪು ಬಂತು. "ಮಾರ್ಚ್‌ನಲ್ಲಿ ಆ ಆಡಿಟರ್ ಹುಡುಗನ ಕೈಲಿ ಏನೋ ಕಟ್ಟಿಸಿದ್ದೆ ಕಣೇ. ಒಂದು ಮೂವತ್ತು ಸಾವಿರ." ರಸೀತಿ ಎಲ್ಲಿ? ಮನೆಯೆಲ್ಲ ಹುಡುಕಿದ ಮೇಲೆ ಅದು ಪಂಚಾಂಗದೊಳಗೆ, ವೈಶಾಖ ಮಾಸದ ಪುಟಗಳ ನಡುವೆ ಸಿಕ್ಕಿತು. ನಾಲ್ಕಾಗಿ ಮಡಿಸಿ, ಒಂದು ಮೂಲೆಗೆ ಕುಂಕುಮ ಹತ್ತಿತ್ತು.

ನೆಂಟರ ರಿಟರ್ನ್ ಹಾಕುವವರೆಲ್ಲ ಎಡವುವ ಜಾಗ ಇದೇ. ಮುಂಗಡ ಕಟ್ಟಿದ್ದೇನೋ ಸರಿ, ಅದು ರಿಟರ್ನಿನಲ್ಲಿ ಎಲ್ಲಿಗೆ ಹೋಗಿ ಕೂರುತ್ತದೆ? ಮಾವನ ಪ್ರಕಾರ ಕಟ್ಟಿದ್ದು ಸರ್ಕಾರಕ್ಕೆ ಗೊತ್ತು, ಅವರೇ ಮುರಿದುಕೊಳ್ಳುತ್ತಾರೆ. ಚಿಕ್ಕಮ್ಮನ ಪ್ರಕಾರ ಒಮ್ಮೆ ಕಟ್ಟಿದರೆ ಮತ್ತೆ ರಿಟರ್ನ್ ಯಾಕೆ. ಇಬ್ಬರೂ ಅರ್ಧರ್ಧ ಸರಿ, ಎರಡು ಅರ್ಧ ಸೇರಿದರೂ ಒಂದಾಗುವುದಿಲ್ಲ. ರಿಟರ್ನ್ ಎಂದರೆ ಹಣ ಕಟ್ಟುವ ಕಿಟಕಿಯಲ್ಲ, ಲೆಕ್ಕ ಒಪ್ಪಿಸುವ ಕಾಗದ. ಒಂದು ಕಡೆ ವರ್ಷದ ತೆರಿಗೆ, ಇನ್ನೊಂದು ಕಡೆ ಈಗಾಗಲೇ ಹೋದ ಹಣ: ಬ್ಯಾಂಕು ಹಿಡಿದದ್ದು, ಮುಂಗಡವಾಗಿ ಕಟ್ಟಿದ್ದು, ಕೊನೆಯಲ್ಲಿ ತಾವೇ ತುಂಬಿದ್ದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಮಿಕ್ಕರೆ ಕೊಡಿ, ಹೆಚ್ಚಿದ್ದರೆ ವಾಪಸ್ ಪಡೆಯಿರಿ. ಇಷ್ಟನ್ನು ಒಬ್ಬರೂ ಮಾವನಿಗೆ ಕೂರಿಸಿಕೊಂಡು ಹೇಳಿರಲಿಲ್ಲ. ಹಾಗಾಗಿ ಪ್ರತಿ ಸಲ ಚಲನ್ ಕಂಡಾಗಲೂ ಅವರಿಗೆ ಮತ್ತೊಮ್ಮೆ ಸುಲಿದರು ಎಂದೇ ಅನ್ನಿಸುತ್ತಿತ್ತು.

ಮುಂಗಡ ಕಟ್ಟಿದ್ದಕ್ಕೆ ಗುರುತು ಮೂರು. ಬ್ಯಾಂಕ್ ಶಾಖೆಯ ಏಳಂಕಿಯ ಬಿಎಸ್‌ಆರ್ ಕೋಡ್, ಕಟ್ಟಿದ ತಾರೀಖು, ಐದಂಕಿಯ ಚಲನ್ ಸಂಖ್ಯೆ. ಈಚೆಗೆ ಇವು ರಿಟರ್ನಿನಲ್ಲಿ ತಾವಾಗಿಯೇ ತುಂಬಿಕೊಂಡು ಬರುತ್ತವೆ. ಬಂದಿವೆ ಎಂದು ನಂಬಿ ಕೂರುವ ಬದಲು ಎಐಎಸ್ ತೆರೆದು ತಾಳೆ ನೋಡಬೇಕು. ಪಂಚಾಂಗದೊಳಗಿನ ಕಾಗದ, ಎಐಎಸ್‌ನ ಸಾಲು, ರಿಟರ್ನಿನ ತೆರಿಗೆ ಪಾವತಿಯ ಪಟ್ಟಿ, ಮೂರೂ ಒಂದೇ ಮಾತು ಹೇಳಿದರೆ ನಿಮಗೆ ಆ ರಾತ್ರಿ ನಿದ್ದೆ.

ಹೇಳದೇ ಹೋದರೆ? ಆಗ ನೋಡಬೇಕಾದದ್ದು ಚಲನ್ನಿನ ಎರಡು ಮನೆಗಳನ್ನು. ಒಂದು, ಯಾವ ಬಗೆಯ ಪಾವತಿ ಎಂಬುದು. ಮುಂಗಡಕ್ಕೆ 100, ವರ್ಷ ಮುಗಿದ ಮೇಲೆ ರಿಟರ್ನಿಗೆ ಮುಂಚೆ ಕಟ್ಟುವ ಸ್ವಯಂ ನಿರ್ಧಾರಣೆ ತೆರಿಗೆಗೆ 300. ಜುಲೈನಲ್ಲಿ ಹಳೆಯ ಬಾಕಿ ತುಂಬಲು ಹೋಗಿ, ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ 100ನ್ನು ಒತ್ತಿ ಬರುವವರಿದ್ದಾರೆ. ಎರಡು, ವರ್ಷ. ತೆರಿಗೆಯವರ ಪ್ರಪಂಚದಲ್ಲಿ ದುಡಿದ ವರ್ಷ ಬೇರೆ, ಲೆಕ್ಕ ಹಾಕುವ ವರ್ಷ ಬೇರೆ. 2025-26ರಲ್ಲಿ ದುಡಿದದ್ದಕ್ಕೆ 2026-27 ನಿರ್ಧಾರಣೆ ವರ್ಷ. ಹಿಂದಿನ ವರ್ಷ ಒತ್ತಿದರೆ ಮಾವನ ಮೂವತ್ತು ಸಾವಿರ ಖಜಾನೆಗೇನೋ ಹೋಗಿರುತ್ತದೆ, ಹೋಗಿ ಪಕ್ಕದ ವರ್ಷದ ಮನೆಯಲ್ಲಿ ಕೂತಿರುತ್ತದೆ. ತಿದ್ದಲು ಜಾಲತಾಣದಲ್ಲೇ ದಾರಿಯಿದೆ, ಅವಧಿ ಮಾತ್ರ ಚಿಕ್ಕದು: ವರ್ಷ ತಪ್ಪಿದ್ದರೆ ಕಟ್ಟಿದ ಏಳು ದಿನದೊಳಗೆ, ಬಗೆ ತಪ್ಪಿದ್ದರೆ ಮೂವತ್ತು ದಿನದೊಳಗೆ. ಅದು ದಾಟಿದರೆ ತೆರಿಗೆ ಅಧಿಕಾರಿಗೆ ಅರ್ಜಿ ಬರೆದು ಕಾಯಬೇಕು.

ಇಷ್ಟು ಸಾಲದು ಎಂದು, 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಅದರಲ್ಲಿ ನಿರ್ಧಾರಣೆ ವರ್ಷದ ಗೋಜಿಲ್ಲ, ದುಡಿದ ವರ್ಷವೇ ತೆರಿಗೆ ವರ್ಷ. ಒಳ್ಳೆಯದೇ ಆಯಿತು ಅಂದಿರಾ? ತಾಳಿ. ಇದೇ ಜುಲೈನಲ್ಲಿ ಮಾವ ಹಳೆಯ ಕಾಯ್ದೆಯ ಲೆಕ್ಕದಲ್ಲಿ ರಿಟರ್ನ್ ಹಾಕುತ್ತಿರುವುದು ನಿರ್ಧಾರಣೆ ವರ್ಷ 2026-27ಕ್ಕೆ. ಹೊಸ ಕಾಯ್ದೆಯ ಲೆಕ್ಕದಲ್ಲಿ ಈಗ ಮುಂಗಡ ಕಟ್ಟುತ್ತಿರಬೇಕಾದದ್ದು ತೆರಿಗೆ ವರ್ಷ 2026-27ಕ್ಕೆ. ಅಂಕಿ ಒಂದೇ, ವರ್ಷ ಎರಡು. ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟು ಒಂದೇ ಶಾಲೆಗೆ ಕಳಿಸಿದರೆ ಮೇಷ್ಟ್ರು ಏನು ಮಾಡಬೇಕೋ ಅದನ್ನೇ ಈ ಒಂದು ವರ್ಷ ನಾವೂ ಮಾಡಬೇಕು: ಒಂದಕ್ಕೆರಡು ಸಲ ಮುಖ ನೋಡಿ ಹಾಜರಿ ಹಾಕಬೇಕು.

ಮಾವನ ಮೂವತ್ತು ಸಾವಿರ ಸದ್ಯ ತನ್ನ ಮನೆಯಲ್ಲೇ ಇತ್ತು. ಮಾರ್ಚ್ 10ರಂದು ಕಟ್ಟಿದ್ದು, ಮುಂಗಡ ಎಂದೇ ದಾಖಲಾಗಿತ್ತು. ಮಾರ್ಚ್ 15 ತಪ್ಪಿಸಿ 31ರೊಳಗೆ ಕಟ್ಟಿದ್ದರೂ ಅದನ್ನು ಮುಂಗಡ ಎಂದೇ ಎಣಿಸುತ್ತಾರೆ, ಏಪ್ರಿಲ್ ಬಂದರೆ ಇಲ್ಲ. 64,800ರಲ್ಲಿ 30,000 ಹೋಗಿ 34,800 ಉಳಿಯಿತು. ಮಾವ ಚೆಕ್ ಪುಸ್ತಕ ತೆಗೆದರು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೆರಡು ಸಾಲು ಮೂಡಿದವು: 234ಬಿ, 234ಸಿ.

"ಇವೆರಡು ಯಾವ ಬಸ್ಸು?" ಎಂದರು ಮಾವ.

ಎರಡೂ ಬಡ್ಡಿಯ ಬಸ್ಸುಗಳೇ, ನಿಲ್ದಾಣ ಬೇರೆ. 234ಸಿ ಹತ್ತಿಸಿಕೊಳ್ಳುವುದು ವರ್ಷದೊಳಗೆ ಕಂತು ತಪ್ಪಿಸಿದವರನ್ನು. ಜೂನಿನಲ್ಲಿ 9,720 ಕಟ್ಟಬೇಕಿತ್ತು, ಕಟ್ಟಲಿಲ್ಲ. ನೂರರ ಕೆಳಗಿನ ಚಿಲ್ಲರೆ ಬಿಟ್ಟು, ತಿಂಗಳಿಗೆ ಒಂದು ಪರ್ಸೆಂಟಿನಂತೆ ಮೂರು ತಿಂಗಳಿಗೆ 291 ರೂಪಾಯಿ. ಸೆಪ್ಟೆಂಬರಿಗೆ 873. ಡಿಸೆಂಬರಿಗೆ 1,458. ಮಾರ್ಚಿನಲ್ಲಿ ಕಡಿಮೆ ಬಿದ್ದ 34,800ಕ್ಕೆ ಒಂದೇ ತಿಂಗಳದ್ದು, 348. ಕೂಡಿದರೆ 2,970. 234ಬಿ ಹತ್ತುವುದು ವರ್ಷ ಮುಗಿದ ಮೇಲೆ. ಮುಂಗಡವಾಗಿ ಬರಬೇಕಾದದ್ದರಲ್ಲಿ ಶೇಕಡ 90 ಬಂದಿದ್ದರೆ ಸರ್ಕಾರ ಸುಮ್ಮನಿರುತ್ತಿತ್ತು. ಮಾವನದು ಅರ್ಧವೂ ಇಲ್ಲ. ಹಾಗಾಗಿ ಏಪ್ರಿಲ್, ಮೇ, ಜೂನ್, ಜುಲೈ, ನಾಲ್ಕು ತಿಂಗಳು 34,800ಕ್ಕೆ ಒಂದೊಂದು ಪರ್ಸೆಂಟ್, 1,392. ತಿಂಗಳಲ್ಲಿ ಒಂದು ದಿನ ಕಳೆದರೂ ಪೂರ್ತಿ ತಿಂಗಳೇ. ಎಲ್ಲ ಸೇರಿ ಬಡ್ಡಿ 4,362. ಕಟ್ಟಬೇಕಾದ್ದು, ಹತ್ತಕ್ಕೆ ಸರಿದೂಗಿಸಿ, 39,160.

ಈ ಬಡ್ಡಿ ಮನೆ ಮುರಿಯುವಂಥದ್ದೇನಲ್ಲ. ಆದರೆ ಮಾವನಿಗೆ ಮೊತ್ತಕ್ಕಿಂತ ಮಾನದ ಪ್ರಶ್ನೆ. "ನಾನು ಬಡ್ಡಿ ತಗೊಳ್ಳೋನು ಕಣೇ, ಕೊಡೋನಲ್ಲ" ಎಂದು ಎದ್ದು ನಿಂತರು. "ಬೆಳೆಯೋಕ್ಕೆ ಮುಂಚೆ ಕೊಯ್ಲಿಗೆ ಬರ್ತಾರಲ್ಲ, ಇದು ಅನ್ಯಾಯ ಅಲ್ವಾ? ವರ್ಷ ಮುಗಿಯದೆ ನನಗೆಷ್ಟು ಬರುತ್ತೆ ಅಂತ ನನಗೇನು ಗೊತ್ತು?"

ಈ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ, ಕಾನೂನೂ ಅದನ್ನು ಅಲ್ಪಸ್ವಲ್ಪ ಒಪ್ಪಿದೆ. ಜೂನಿನಲ್ಲಿ 15ರ ಬದಲು ಕನಿಷ್ಠ 12, ಸೆಪ್ಟೆಂಬರಿನಲ್ಲಿ 45ರ ಬದಲು 36 ಪರ್ಸೆಂಟ್ ಕಟ್ಟಿದ್ದರೂ ಆ ಕಂತುಗಳಿಗೆ ಬಡ್ಡಿ ಹಾಕುವುದಿಲ್ಲ. ಜನವರಿಯಲ್ಲಿ ಇದ್ದಕ್ಕಿದ್ದಂತೆ ಸೈಟು ಮಾರಿ ಲಾಭ ಬಂದರೆ, ಡಿವಿಡೆಂಡ್ ಬಂದರೆ, ಅದನ್ನು ಜೂನಿನಲ್ಲೇ ಕನಸು ಕಾಣಬೇಕಿತ್ತು ಎಂದು ಯಾರೂ ಕೇಳುವುದಿಲ್ಲ, ಮಿಕ್ಕ ಕಂತುಗಳಲ್ಲಿ ತುಂಬಿದರೆ ಆಯಿತು. ಡಾಕ್ಟರು, ವಕೀಲರು, ಇಂಜಿನಿಯರುಗಳು ಬಂದ ಹಣದ ಅರ್ಧವನ್ನು ಲಾಭವೆಂದು ಒಪ್ಪಿಕೊಂಡು ಊಹಾ ಪದ್ಧತಿಗೆ ಸೇರಿದರೆ ಅವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15 ಒಂದೇ. ಎಲ್ಲಕ್ಕಿಂತ ದೊಡ್ಡ ರಿಯಾಯಿತಿ ಸಿಕ್ಕಿರುವುದು ಅರವತ್ತು ತುಂಬಿದವರಿಗೆ. ದೇಶದಲ್ಲೇ ನೆಲೆಸಿ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಅವರು ಮುಂಗಡ ಕಟ್ಟಬೇಕಾಗಿಯೇ ಇಲ್ಲ. ಜುಲೈನಲ್ಲಿ ನೆಮ್ಮದಿಯಾಗಿ ಒಂದೇ ಸಲ ತುಂಬಬಹುದು, 234ಬಿ-ಸಿ ಎರಡೂ ಅವರ ಬೀದಿಗೆ ಬರುವುದಿಲ್ಲ. ನಮ್ಮ ದೊಡ್ಡಪ್ಪನಿಗೆ ಎಪ್ಪತ್ತಾದರೂ ಕಿರಾಣಿ ಅಂಗಡಿ ನಡೆಸುತ್ತಾರೆ, ಅವರಿಗೆ ಈ ಭಾಗ್ಯವಿಲ್ಲ. ಬಾಡಿಗೆ, ಬಡ್ಡಿ ತಿಂದು ಕೂತವರಿಗೆ ಉಂಟು.

ಮದುವೆಮನೆಯಲ್ಲಿ ಯಾರಾದರೂ ವಯಸ್ಸು ಕೇಳಿದರೆ ಐವತ್ತರ ಆಸುಪಾಸು ಎನ್ನುವ ಮಾವ ಈ ಸಮಾಚಾರ ಕೇಳಿದವರೇ ಹತ್ತಿರ ಬಂದು ಕೂತರು. "ಅರವತ್ತು ಅಂದ್ರೆ ಪೂರ್ತಿ ಅರವತ್ತಾ? ಸ್ವಲ್ಪ ಮುಂಚೆ ಆಗಲ್ವಾ?" ವರ್ಷದೊಳಗೆ ಯಾವತ್ತು ತುಂಬಿದರೂ ಇಡೀ ವರ್ಷಕ್ಕೆ ಸಲ್ಲುತ್ತದೆ. ಏಪ್ರಿಲ್ 1ರಂದು ಹುಟ್ಟಿದವರಿಗೆ ಹಿಂದಿನ ದಿನವೇ, ಅಂದರೆ ಮಾರ್ಚ್ 31ಕ್ಕೇ ಅರವತ್ತು ತುಂಬಿತೆಂದು ಇಲಾಖೆಯೇ 2016ರಲ್ಲಿ ಸುತ್ತೋಲೆ ಹೊರಡಿಸಿದೆ. ಮಾವ ಹುಟ್ಟಿದ್ದು ದೀಪಾವಳಿಯ ಹತ್ತಿರ ಎಂದು ಅಜ್ಜಿ ಹೇಳುತ್ತಿದ್ದರು. ದಾಖಲೆಯಲ್ಲಿರುವುದು ಜೂನ್ 1. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದ ತಾರೀಖು ಅದು. ಆ ಲೆಕ್ಕದಲ್ಲಿ ನಮ್ಮ ರಾಜ್ಯದ ಅರ್ಧ ಹಳಬರು ಒಂದೇ ದಿನ ಹುಟ್ಟಿದವರು. ಜೂನ್ 15ರ ಕಂತಿಗೆ ಹದಿನಾಲ್ಕು ದಿನ ಮುಂಚೆ ಅರವತ್ತು ತುಂಬಿಸಿಕೊಟ್ಟ ಮೇಷ್ಟ್ರ ದೂರದೃಷ್ಟಿಯನ್ನು ಮಾವ ಮನಸಾರೆ ಕೊಂಡಾಡಿದರು.

ಕೊಂಡಾಡಿ ಮುಗಿದ ಮೇಲೆ ಮತ್ತೆ ಅನ್ಯಾಯದ ಮಾತಿಗೇ ಬಂದರು. ಆಗ ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಮಾವ, ಮಳಿಗೆಯವರ ಹತ್ತಿರ ಅಡ್ವಾನ್ಸ್ ಎಷ್ಟು ತಗೊಂಡಿದೀರಿ?"

"ಮಾಮೂಲಿ. ಹತ್ತು ತಿಂಗಳದ್ದು."

ಮೂರು ಮಳಿಗೆ, ತಲಾ ನಾಲ್ಕು ಲಕ್ಷ, ಒಟ್ಟು ಹನ್ನೆರಡು ಲಕ್ಷ. ಬಾಡಿಗೆದಾರ ಒಂದು ಬೆಂಕಿಪೊಟ್ಟಣ ಮಾರುವುದಕ್ಕೂ ಮುಂಚೆ ಕೊಟ್ಟ ಹಣ. ಅದಕ್ಕೆ ಬಡ್ಡಿ ಕೊಡುತ್ತೀರಾ ಎಂದರೆ ಮಾವ ನನ್ನನ್ನು ಕಂಡ ರೀತಿ ನೋಡಬೇಕಿತ್ತು. ಅಡ್ವಾನ್ಸಿಗೆ ಬಡ್ಡಿಯೇ! ಅದು ಎಲ್ಲಿದೆ ಈಗ? ಎಫ್‌ಡಿಯಲ್ಲಿ. ಆ ಎಫ್‌ಡಿಯ ಬಡ್ಡಿ ಯಾರದು? ಮಾವನದು. ಖಾಲಿ ಮಾಡಿದಾಗ ಪೂರ್ತಿ ವಾಪಸ್ ಕೊಡುತ್ತೀರಾ? "ಬಣ್ಣ ಹೊಡೆಸೋದು ಬೇಡ್ವಾ? ಒಂದು ತಿಂಗಳ ಬಾಡಿಗೆ ಹಿಡ್ಕೋತೀನಿ."

ಹಾಗಾದರೆ ಈ ಸರ್ಕಾರ ಮಾವನಿಗಿಂತ ಕೆಟ್ಟ ಮಾಲೀಕನೇನೂ ಅಲ್ಲ. ಬೋಣಿಗೆ ಮುಂಚೆ ಹತ್ತು ತಿಂಗಳದ್ದು ಕೇಳುವುದಿಲ್ಲ. ವರ್ಷ ಶುರುವಾಗಿ ಎರಡೂವರೆ ತಿಂಗಳಾದ ಮೇಲೆ, ಅದೂ ತೆರಿಗೆಯಲ್ಲಿ ಶೇಕಡ 15, ಕೇಳುತ್ತದೆ. ಹೆಚ್ಚು ಕಟ್ಟಿದ್ದರೆ ಬಣ್ಣದ ಖರ್ಚು ಹಿಡಿಯದೆ ವಾಪಸ್ ಕೊಡುತ್ತದೆ, ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿಯನ್ನೂ ಸೇರಿಸಿ. ಹಾಗೆಂದು ಅದನ್ನು ಧರ್ಮರಾಯ ಎಂದುಕೊಳ್ಳಬೇಡಿ. ನಾವು ತಡ ಮಾಡಿದರೆ ಒಂದು ಪರ್ಸೆಂಟ್, ಅದು ತಡ ಮಾಡಿದರೆ ಅರ್ಧ. ವಾಪಸ್ ಬರುವ ಹಣ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಆ ಅರ್ಧವೂ ಇಲ್ಲ. ಕೊಟ್ಟ ಬಡ್ಡಿಯನ್ನು ಮುಂದಿನ ಸಲ ನಮ್ಮ ಆದಾಯಕ್ಕೆ ಸೇರಿಸಿ ಅದಕ್ಕೂ ತೆರಿಗೆ ಕೇಳುತ್ತದೆ. ವ್ಯವಹಾರ ಬಲ್ಲ ಮಾಲೀಕ, ಅಷ್ಟೇ. ಮಾವನಿಗೆ ಸರ್ಕಾರದ ಮೇಲೆ ಮೊದಲ ಸಲ ಗೌರವ ಮೂಡಿದ್ದು ಈ ಕಡೆಯ ಮಾತು ಕೇಳಿದಾಗ.

ನಾವೆಲ್ಲ ಹೀಗೇ. ಅಡ್ವಾನ್ಸ್ ಎಂಬುದು ನಮ್ಮ ಕಡೆ ಬರುವಾಗ ಪದ್ಧತಿ, ನಮ್ಮ ಕಡೆಯಿಂದ ಹೋಗುವಾಗ ದಬ್ಬಾಳಿಕೆ.

ಉಳಿದದ್ದು ಸಹಿ. ಈ ಕಾಲದಲ್ಲಿ ಸಹಿ ಎಂದರೆ ಓಟಿಪಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಅದು ಬರುತ್ತದೆ. ಆ ಮೊಬೈಲ್ ಅತ್ತೆಯ ಕೈಚೀಲದಲ್ಲಿ, ಕೈಚೀಲ ದೇವಸ್ಥಾನದಲ್ಲಿ, ದೇವಸ್ಥಾನದಲ್ಲಿ ಮಹಾಮಂಗಳಾರತಿ. ಅತ್ತೆ ಬರುವ ತನಕ ಓಟಿಪಿ ಬದುಕಿರುವುದಿಲ್ಲ. ಸಲ್ಲಿಸಿದ ಮೇಲೆ ಮೂವತ್ತು ದಿನದೊಳಗೆ ಈ ದೃಢೀಕರಣ ಆಗದಿದ್ದರೆ ರಿಟರ್ನ್ ಹಾಕಿದ್ದಕ್ಕೆ ಬೆಲೆಯಿಲ್ಲ. ಐದು ನಿಮಿಷದ ಕೆಲಸ ಎಂದು ಫೋನಿಟ್ಟು ಹೋದ ನೆಂಟರು ನೆನಪಿಡಬೇಕಾದ ಸಾಲು ಇದು. ಓಟಿಪಿ ಒಲ್ಲೆ ಎನ್ನುವವರು ಒಂದು ಪುಟದ ಸ್ವೀಕೃತಿಗೆ ಶಾಯಿಯಲ್ಲಿ ಸಹಿ ಮಾಡಿ ಬೆಂಗಳೂರು 560500ಕ್ಕೆ ಸ್ಪೀಡ್ ಪೋಸ್ಟ್ ಮಾಡಬಹುದು. ದೇಶದ ಯಾವ ಮೂಲೆಯಿಂದ ರಿಟರ್ನ್ ಹಾಕಿದರೂ ಕೇಂದ್ರ ಸಂಸ್ಕರಣೆ ನಮ್ಮ ಬೆಂಗಳೂರಿನಲ್ಲೇ.

ಇದನ್ನು ಕೇಳಿ ಮಾವನ ಮುಖ ಅರಳಿತು. "ಬೆಂಗಳೂರೇ? ಹಾಗಿದ್ರೆ ಅಲ್ಲಿ ನಮ್ಮೋರು ಯಾರಾದ್ರೂ ಇದ್ದೇ ಇರ್ತಾರೆ, ಒಂದು ಮಾತು ಹೇಳಿಸಿದ್ರೆ ಆ ಬಡ್ಡಿ ಬಿಡ್ಸಬಹುದು." ಅಲ್ಲಿ ಕೂಡುವುದೂ ಕಳೆಯುವುದೂ ಕಂಪ್ಯೂಟರು ಎಂದೆ. ಕಂಪ್ಯೂಟರಿಗೆ ನಮ್ಮೋರು ಬೇರೆಯೋರು ಇಲ್ಲ. ಲೆಕ್ಕ ನೋಡಿದ ಮೇಲೆ ಅದೇ ಮಿಂಚಂಚೆಯಲ್ಲಿ ಒಂದು ತಿಳಿವಳಿಕೆ ಪತ್ರ ಕಳಿಸುತ್ತದೆ. ಅದಕ್ಕೂ ಬೀಗ. ಕೀಲಿ ಎಂದರೆ ಪ್ಯಾನ್ ಸಂಖ್ಯೆಯ ಅಕ್ಷರಗಳೆಲ್ಲ ಇಂಗ್ಲಿಷಿನ ಚಿಕ್ಕವು, ಅದರ ಬೆನ್ನಿಗೇ ಜನ್ಮದಿನಾಂಕ. ದೀಪಾವಳಿಯದ್ದಲ್ಲ ಮಾವ, ಮೇಷ್ಟ್ರು ಕೊಟ್ಟದ್ದು.

ಕೊನೆಗೆ ಚಲನ್ ಕಟ್ಟಿ, 300 ಎಂದೇ ಒತ್ತಿ, ರಿಟರ್ನ್ ಹೋಯಿತು. ಮಾವ ಉಸಿರು ಬಿಟ್ಟು "ಇನ್ನು ಮುಂದಿನ ಜುಲೈ ತನಕ ಚಿಂತೆಯಿಲ್ಲ" ಎಂದರು. ಚಿಂತೆ ಇದೆ. ಹಳೆಯ ವರ್ಷದ ಲೆಕ್ಕ ಗುಡಿಸುವ ಗಡಿಬಿಡಿಯಲ್ಲಿ ಹೊಸ ವರ್ಷದ ಜೂನ್ 15 ಸದ್ದಿಲ್ಲದೆ ದಾಟಿ ಹೋಗಿತ್ತು. ಮುಂಗಡದ ಗಮ್ಮತ್ತೇ ಇದು. ಜುಲೈನಲ್ಲಿ ಅದರ ಬಗ್ಗೆ ತಿಳಿದುಕೊಳ್ಳುವಾಗ ಮೊದಲ ಕಂತು ಹೊರಟು ತಿಂಗಳಾಗಿರುತ್ತದೆ. ಆದರೂ ಪರವಾಗಿಲ್ಲ. ಕಳೆದ ವರ್ಷದ ತೆರಿಗೆ ಇಷ್ಟು, ಟಿಡಿಎಸ್ ಇಷ್ಟು, ಈ ವರ್ಷ ಬಡ್ಡಿ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ ಎಂದು ಒಂದು ಚೀಟಿಯ ಮೇಲೆ ಬರೆದು, ಸೆಪ್ಟೆಂಬರ್ 15ರ ಹೊತ್ತಿಗೆ ನೂರಕ್ಕೆ ನಲವತ್ತೈದು ತಲುಪಿಸಿದರೆ ಜೂನಿನ ಮುನ್ನೂರು ರೂಪಾಯಿ ಬಡ್ಡಿಯೊಂದಿಗೆ ಮಾವ ಬಚಾವ್. ಅಂದಾಜು ಸ್ವಲ್ಪ ಹೆಚ್ಚಾದರೂ ಹಣ ಎಲ್ಲಿಗೂ ಹೋಗುವುದಿಲ್ಲ.

ಚೀಟಿಯನ್ನು ಮಾವ ಎರಡು ಸಲ ಓದಿದರು. 29,160 ಎಂಬ ಅಂಕಿಯ ಕೆಳಗೆ ಗೆರೆ ಎಳೆದರು. ಅಷ್ಟರಲ್ಲಿ ಅತ್ತೆ ಪ್ರಸಾದದೊಂದಿಗೆ ಬಂದು ಮೊಬೈಲ್ ಕೊಟ್ಟರು. ಮಾವ ಕನ್ನಡಕ ಏರಿಸಿ ಒಂದು ನಂಬರ್ ಒತ್ತಿ, ನಿಧಾನವಾಗಿ, ದೊಡ್ಡ ಮನುಷ್ಯರ ದನಿಯಲ್ಲಿ ಹೇಳಿದರು:

"ಏನಪ್ಪಾ, ಚೆನ್ನಾಗಿದೀಯಾ? ಆರೋಗ್ಯ ಹೇಗಿದೆ? ಏನಿಲ್ಲ, ಈ ಸಲ ಅಕ್ಟೋಬರ್ ತಿಂಗಳ ಮಳಿಗೆ ಬಾಡಿಗೆ ಸೆಪ್ಟೆಂಬರ್ ಹತ್ತಕ್ಕೇ ಕೊಟ್ಬಿಡು. ಸರ್ಕಾರದ ರೂಲ್ಸು, ಅಡ್ವಾನ್ಸಾಗೇ ಕಟ್ಬೇಕಂತೆ."